ಆಟಿಯಲ್ಲಿ ಹುಟ್ಟಿದವಳ ಹಲ್ಲಿನ ತಂತಿ

ಮಗಳು ಹುಟ್ಟಿದ ದಿನ ಸೇಸಪ್ಪ ಆಚಾರಿಗೆ ನೆನಪಾಗುವುದು ನಾಲಿಗೆಯ ರುಚಿಯಿಂದ. ಜುಲೈ ಆಗಸ್ಟಿನ ಮಳೆಯಲ್ಲಿ ಬರುವ ತುಳು ತಿಂಗಳು ಆಟಿ, ಅದರ ಅಮಾವಾಸ್ಯೆಯ ಮರುದಿನ ಅದು. ಹಿಂದಿನ ಬೆಳಿಗ್ಗೆ ವಾಡಿಕೆಯಂತೆ ಕುಡಿದ ಹಾಲೆಮರದ ತೊಗಟೆಯ ಕಷಾಯದ ಕಹಿ ಇನ್ನೂ ಬಾಯಿ ಬಿಟ್ಟಿರಲಿಲ್ಲ, ಅಷ್ಟರಲ್ಲಿ ಸೂಲಗಿತ್ತಿ ಹೊರಗೆ ಬಂದು ಹೆಣ್ಣು ಎಂದಳು. ಎಪ್ಪತ್ತೈದನೆಯ ಇಸವಿ. ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟು ಉಳಿ ಹಿಡಿದ ಅವನಿಗೆ ಇಂಗ್ಲಿಷ್ ತಾರೀಕುಗಳು ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಆಟಿ, ಸೋಣ, ಕೆಡ್ಡಸ ಎಂದು ಊರಿನ ತಿಂಗಳು ಹಬ್ಬಗಳ ಹೆಸರು ಹೇಳಿದರೆ ಮಾತ್ರ ಯಾವ ವರ್ಷದ್ದಾದರೂ ಕಣ್ಣ ಮುಂದೆ ಬಂದು ನಿಲ್ಲುತ್ತಿತ್ತು.

ಮಸ್ಕತ್ತಿಗೆ ಬಂದು ಹತ್ತು ವರ್ಷವಾಗುವ ಹೊತ್ತಿಗೆ ಅವನು ಬಾಗಿಲು ಕಿಟಕಿ ಮಾಡುವ ಒಂದು ಕಂಪೆನಿಯಲ್ಲಿ ಬಡಗಿಗಳ ಫೋರ್‌ಮನ್. ತೊಂಬತ್ತರಲ್ಲಿ ಫ್ಯಾಮಿಲಿ ವೀಸಾ ಸಿಕ್ಕಿ, ಹೆಂಡತಿ ಸುಂದರಿ ಮತ್ತು ಮಗಳು ಲೋಲಾಕ್ಷಿ ಬಂದರು. ಅಲ್ ಖೌದ್‌ನಲ್ಲಿ ಟೈಲರ್ ಅಂಗಡಿಯ ಮೇಲಿನ ಎರಡು ಕೋಣೆಯ ಫ್ಲಾಟ್ ಅವರದ್ದು. ಬಂದ ವಾರದಲ್ಲೇ ಕಂಪೆನಿಯವರು ಮೂವರಿಗೂ ಫೋಟೊ ಅಂಟಿಸಿದ ಹಸಿರು ಕಾರ್ಡು ಕೊಟ್ಟರು. ಅದನ್ನು ತೋರಿಸಿದರೆ ಜ್ವರಕ್ಕೆ ಮಾತ್ರವಲ್ಲ, ಹಲ್ಲಿಗೂ ಕಣ್ಣಿಗೂ ಮದ್ದು. ಮಕ್ಕಳಿಗೆ ಇಪ್ಪತ್ತೊಂದು ತುಂಬುವವರೆಗೆ ಮಾತ್ರ ಎಂದು ಆಫೀಸಿನ ವಿಕ್ಟರ್ ಎರಡೆರಡು ಸಲ ಹೇಳಿದ್ದ. ಸೇಸಪ್ಪ ಅಲ್ಲೇ ಬೆರಳು ಮಡಚಿ ಲೆಕ್ಕ ಹಾಕಿ, ತೊಂಬತ್ತಾರರ ಆಟಿಯವರೆಗೆ ಎಂದು ಮನಸ್ಸಿನಲ್ಲಿ ಇಟ್ಟುಕೊಂಡ.

ಅವರು ಬರುವವರೆಗಿನ ಅಷ್ಟು ವರ್ಷ ಅವನು ಮಗಳನ್ನು ಕಂಡದ್ದೆಲ್ಲ ಹೆಚ್ಚಾಗಿ ಫೋಟೊದಲ್ಲಿ. ಒಂದರಲ್ಲೂ ತುಟಿ ಬಿಚ್ಚಿರಲಿಲ್ಲ. ಹುಡುಗಿ ಗಂಭೀರ ಸ್ವಭಾವದವಳು ಎಂದೇ ಅವನು ಕಂಪೆನಿಯ ಕ್ಯಾಂಪಿನಲ್ಲಿ ಜೊತೆಗಿದ್ದವರಿಗೆ ಹೇಳಿಕೊಂಡು ತಿರುಗಿದ್ದ. ಒಂದೇ ಮನೆಯಲ್ಲಿ ಇರತೊಡಗಿದ ಮೇಲೆ ಗೊತ್ತಾಯಿತು, ನಗು ಬಂದರೆ ಅವಳ ಕೈ ತಾನಾಗಿ ಬಾಯಿಗೆ ಹೋಗುತ್ತದೆ. ಮೇಲಿನ ಎರಡು ಹಲ್ಲುಗಳ ನಡುವೆ ಕಿರುಬೆರಳ ತುದಿ ಹೋಗುವಷ್ಟು ಸಂದು. ಹಲ್ಲಿನ ಡಾಕ್ಟರರಲ್ಲಿಗೆ ಹೋಗಲು ಅವಳನ್ನು ಒಪ್ಪಿಸುವುದಕ್ಕೇ ನಾಲ್ಕು ವರ್ಷ ಹಿಡಿಯಿತು. ತೊಂಬತ್ತನಾಲ್ಕರ ದೀಪಾವಳಿ ಕಳೆದ ಮೇಲೆ ಡಾಕ್ಟರರು ತಂತಿ ಕಟ್ಟಿದರು. ತಿಂಗಳಿಗೊಮ್ಮೆ ಬಿಗಿಯಬೇಕು, ಒಂದೂವರೆ ವರ್ಷ ಬೇಕು ಎಂದರು. ಆಟಿಗೆ ಇನ್ನೂ ಎರಡು ಮೂರು ತಿಂಗಳಿರುವಾಗಲೇ ಮುಗಿಯುತ್ತದೆ ಎಂದು ಸೇಸಪ್ಪನಿಗೆ ಸಮಾಧಾನವಾಯಿತು.

ಆ ತಂತಿಯ ಕೆಲಸ ಅವನಿಗೆ ಬಹಳ ಹಿಡಿಸಿತ್ತು. ಎರಡು ಹಲಗೆ ಕೂಡಿಸಿ ಅಂಟು ಹಚ್ಚಿ ಕ್ಲಾಂಪ್ ಬಿಗಿದಿಡುವುದೂ ಹೀಗೆಯೇ ಅಲ್ಲವೇ? ಒಣಗುವ ಮೊದಲು ಬಿಚ್ಚಿದರೆ ಮರ ತನ್ನ ಹಳೆಯ ಜಾಗಕ್ಕೆ ಹೋಗಲು ನೋಡುತ್ತದೆ. ತಿಂಗಳಿಗೊಮ್ಮೆ ಮಗಳ ಬಾಯಿ ತೆರೆಸಿ, ಬಾಗಿಲ ಚೌಕಟ್ಟು ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ.

ತೊಂಬತ್ತೈದರ ಏಪ್ರಿಲ್‌ನಲ್ಲಿ ವಿಕ್ಟರ್ ಅವನನ್ನು ಆಫೀಸಿಗೆ ಕರೆಸಿದ. ಬಜಪೆ ಕಡೆಯ ಕ್ರಿಶ್ಚಿಯನ್, ತುಳುವರ ಬಾಯಲ್ಲಿ ಪೊರ್ಬು, ಸೇಸಪ್ಪನಿಗಿಂತ ಚಿಕ್ಕವನು, ಒಳ್ಳೆಯವನು. ಲೋಲಾಕ್ಷಿಯ ಕಾರ್ಡು ಮೇ ಇಪ್ಪತ್ತಕ್ಕೆ ಮುಗಿಯುತ್ತದೆ, ಅದರೊಳಗೆ ಏನಾದರೂ ಮಾಡಿಸುವುದಿದ್ದರೆ ಮಾಡಿಸಿ ಎಂದ. ಇನ್ನೂ ಒಂದು ವರ್ಷದ ಮೇಲೆ ಉಂಟಲ್ಲ ಎಂದು ಸೇಸಪ್ಪ ನಕ್ಕ. ವಿಕ್ಟರ್ ಕಪಾಟಿನಿಂದ ಪಾಸ್‌ಪೋರ್ಟ್ ತೆಗೆದು, ಬೆರಳಿಟ್ಟು ಓದಿದ. ಮೇ ಇಪ್ಪತ್ತು, ಎಪ್ಪತ್ತನಾಲ್ಕು.

ಮನೆಯವರ ಪಾಸ್‌ಪೋರ್ಟುಗಳೆಲ್ಲ ಬಂದ ದಿನದಿಂದ ಆ ಕಪಾಟಿನಲ್ಲೇ ಇದ್ದವು. ಆ ತಾರೀಕನ್ನು ಮನೆಯಲ್ಲಿ ಯಾರೂ ಎಣಿಸಿದ್ದಿಲ್ಲ. ಆದರೆ ಅದು ಎಲ್ಲಿಂದ ಬಂತು ಎಂದು ಸೇಸಪ್ಪನಿಗೆ ಕೇಳಿದ ಕೂಡಲೇ ಗೊತ್ತಾಯಿತು.

"ಇದು ಸುಳ್ಳು ತಾರೀಕು ಪೊರ್ಬುಗಳೇ," ಎಂದ. "ಅವಳು ಆಟಿಯಲ್ಲಿ ಹುಟ್ಟಿದ್ದು. ಜಾತಕ ಉಂಟು ನನ್ನ ಹತ್ತಿರ."

"ಗೊತ್ತು ಆಚಾರಿಯವರೇ. ಈ ಕಂಪೆನಿಯಲ್ಲಿ ನಮ್ಮ ಊರಿನವರು ನಲವತ್ತು ಜನ, ಮೂವತ್ತು ಜನ ಹುಟ್ಟಿದ್ದು ಮೇ ತಿಂಗಳಲ್ಲೇ, ನಾನೂ ಸೇರಿ. ಮಳೆಗಾಲದಲ್ಲಿ ನಮ್ಮ ಹೆಂಗಸರು ಹೆರುವುದೇ ಇಲ್ಲ ಅಂತ ಮ್ಯಾನೇಜರ್ ನಂಬಿದ್ದಾರೆ." ಆಮೇಲೆ ಅವನು ನಗು ನಿಲ್ಲಿಸಿದ. "ಜಾತಕ ನೋಡಿ ಇನ್ಶೂರೆನ್ಸ್ ಕೊಡುವುದಿಲ್ಲ ಮಾರಾಯ್ರೆ. ಪಾಸ್‌ಪೋರ್ಟಿನಲ್ಲಿ ಬದಲಾಯಿಸಬೇಕಾದರೆ ಶಾಲೆಯ ರಿಜಿಸ್ಟರಿನಿಂದ ಶುರು ಮಾಡಬೇಕು. ಕೋರ್ಟು ಗೀರ್ಟು ಅಂತ ಎರಡು ವರ್ಷ. ಅಷ್ಟರಲ್ಲಿ ಅವಳಿಗೆ ನಿಮ್ಮ ಆಟಿಯ ಲೆಕ್ಕದಲ್ಲೂ ಇಪ್ಪತ್ತೊಂದು ದಾಟಿರ್ತದೆ."

ಕಾರ್ಡಿಲ್ಲದೆ ತಿಂಗಳು ತಿಂಗಳು ಆ ಡಾಕ್ಟರರಲ್ಲಿಗೆ ಹೋಗುವುದು ಅವನ ಸಂಬಳದಲ್ಲಿ ಆಗುವ ಮಾತಲ್ಲ. ಊರಿಗೆ ಕಳಿಸಿ ಮಂಗಳೂರಿನಲ್ಲಿ ಮಾಡಿಸೋಣವೇ ಎಂದರೆ, ಆರು ತಿಂಗಳು ಹೊರಗಿದ್ದರೆ ವೀಸಾ ಹೋಗುತ್ತದೆ. ಅಂದು ಕೆಲಸ ಮುಗಿದ ಮೇಲೆ ಅವನು ಬಸ್ಸು ಹತ್ತಲಿಲ್ಲ. ಅರ್ಧ ಮುಗಿದ ಬಾಗಿಲೊಂದರ ಮೇಲೆ ಕುಳಿತು ಎಂಬತ್ತನೆಯ ಇಸವಿಯ ಜೂನ್ ತಿಂಗಳನ್ನು ನೆನೆಯುತ್ತಿದ್ದ.

ಆ ವರ್ಷ ಅವನ ವೀಸಾ ಬಂದಿತ್ತು. ಜೂನ್ ಎರಡನೆಯ ವಾರ ಬೊಂಬಾಯಿಗೆ ಹೊರಡಬೇಕು. ಹೋಗುವ ಮೊದಲು ಮಗಳನ್ನು ಒಮ್ಮೆಯಾದರೂ ಕೈಹಿಡಿದು ಶಾಲೆಗೆ ಬಿಡಬೇಕೆಂದು ಅವನಿಗೆ ಆಸೆ. ಐದೂ ತುಂಬದ ಮಗು, ಬರುವ ವರ್ಷ ನೋಡುವ ಎಂದರು ಹೆಡ್‌ಮಾಸ್ಟ್ರು. ಬರುವ ವರ್ಷ ನಾನಿರುವುದಿಲ್ಲ ಎಂದು ಸೇಸಪ್ಪ ಜಗಲಿಯಲ್ಲೇ ಕುಳಿತುಬಿಟ್ಟ. ಮಾಸ್ಟ್ರು ಪೆನ್ನಿಗೆ ಶಾಯಿ ತುಂಬಿಸಿ, ಪ್ರಾಯ ಸಾಲದ ಮಕ್ಕಳಿಗೆಲ್ಲ ಮಾಡುವ ಹಾಗೆ, ಜೂನ್‌ಗೆ ಸರಿಯಾಗಿ ತುಂಬುವಂತೆ ಮೇ ತಿಂಗಳ ತಾರೀಕು ಹಾಕಿ, ಮಗುವಿಗೆ ಒಂದು ವರ್ಷ ಚಿಲ್ಲರೆ ಪ್ರಾಯ ಹೆಚ್ಚಿಸಿ ಬರೆದರು. ಸೇಸಪ್ಪ ಹಲಸಿನ ಮರದಲ್ಲಿ ಸ್ಲೇಟಿಗೆ ಹೊಸ ಚೌಕಟ್ಟು ಮಾಡಿಕೊಟ್ಟ. ಶಾಲೆ ಶುರುವಾದ ದಿನ ದಾರಿಯ ತೋಡು ಮಳೆಗೆ ತುಂಬಿ ಹರಿಯುತ್ತಿತ್ತು. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ದಾಟಿಸಿದ. ಉಳಿದ ಮಕ್ಕಳೆಲ್ಲ ಅಳುತ್ತಿದ್ದರು, ಇವಳು ಅಳಲಿಲ್ಲ. ಮಧ್ಯಾಹ್ನದ ಗಂಟೆ ಹೊಡೆಯುವವರೆಗೂ ಅವನು ಕೊಡೆ ಹಿಡಿದು ಕಿಟಕಿಯ ಹೊರಗೆ ನಿಂತಿದ್ದ.

ಅಂದು ರಾತ್ರಿ ಫ್ಲಾಟಿಗೆ ಬಂದು ಕಾರ್ಡಿನ ವಿಷಯ ಹೇಳಿದಾಗ ಸುಂದರಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಲಿಲ್ಲ. ಒಂದು ಹಲಗೆ ಒಣಗಲು ನಾಲ್ಕು ದಿನ ಕಾಯುವ ಮನುಷ್ಯನಿಗೆ ಆ ಒಂದು ವರ್ಷ ಮಾತ್ರ ಕಾಯಲಿಕ್ಕಾಗಲಿಲ್ಲ ಎಂದಷ್ಟೇ ಅಂದಳು. ಲೋಲಾಕ್ಷಿ ಎದ್ದು ಒಳಗೆ ಹೋದಳು.

ಕಾರ್ಡಿನ ಕೊನೆಯ ಗುರುವಾರ ಬಂತು. ಬಿಗಿಯುವವರಿಲ್ಲದೆ ತಂತಿಯನ್ನು ಬಾಯಲ್ಲಿ ಬಿಡಬಾರದು ಎಂದು ಡಾಕ್ಟರರು ಅದನ್ನು ಬಿಚ್ಚಿದರು. ಸಂದು ಅರ್ಧಕ್ಕಿಂತ ಹೆಚ್ಚು ಮುಚ್ಚಿತ್ತು. ಒಂದು ಅಕ್ಕಿಕಾಳಿನಷ್ಟು ಉಳಿದಿತ್ತು. ಅಂಗುಳಿಗೆ ಕೂರುವ ತೆಳ್ಳಗಿನ ಒಂದು ಪ್ಲೇಟು ಮಾಡಿಕೊಟ್ಟು, ಇದನ್ನು ಮಲಗುವಾಗ ತಪ್ಪದೆ ಹಾಕಿಕೊಳ್ಳಬೇಕು, ಬಿಟ್ಟರೆ ಹಲ್ಲು ಹಿಂದಕ್ಕೇ ಹೋಗುತ್ತದೆ ಎಂದರು. ಅದೇ ಕಾರ್ಡಿನಲ್ಲಿ ಕೊನೆಯದಾಗಿ ಹೊಸ ಕನ್ನಡಕವನ್ನೂ ಮಾಡಿಸಿದ್ದಾಯಿತು. ಕಂಪೆನಿಯ ಪಿಕಪ್ಪಿನಲ್ಲಿ ಕುಳಿತ ಮೇಲೆ ಅವಳು ಹೊಸ ಕನ್ನಡಕದಲ್ಲಿ ಪಕ್ಕದ ಕನ್ನಡಿ ನೋಡಿ, ತುಟಿ ಬಿಡಿಸಿ, ಮತ್ತೆ ಮುಚ್ಚಿಕೊಂಡಳು.

ಸೇಸಪ್ಪ ಗಾಡಿ ಸ್ಟಾರ್ಟ್ ಮಾಡಲಿಲ್ಲ. "ನನ್ನಿಂದಾಗಿ ಹೀಗಾಯಿತು ಮಗಾ," ಎಂದ. "ಆ ಮಾಸ್ಟ್ರು ಬೇಡ ಅಂತಲೇ ಹೇಳಿದ್ದರು."

ಅವಳು ಕನ್ನಡಿಯಿಂದ ಕಣ್ಣು ತೆಗೆಯದೆ ಹೇಳಿದಳು. "ಅಪ್ಪ, ಶಾಲೆಯ ಮೊದಲ ದಿನ ನಿಮ್ಮ ಕೊಡೆಯ ಒಂದು ಕಡ್ಡಿ ಮುರಿದಿತ್ತು. ನೀರೆಲ್ಲ ನಿಮ್ಮ ಎಡಗೈ ಮೇಲೆ ಬೀಳ್ತಾ ಇತ್ತು. ನಾನು ಕಿಟಕಿಯಿಂದ ಅದನ್ನೇ ನೋಡ್ತಾ ಇದ್ದೆ."

ಸೇಸಪ್ಪನಿಗೆ ಕಡ್ಡಿ ಮುರಿದದ್ದು ಮರೆತೇಹೋಗಿತ್ತು.

"ನೀವು ಹೋದ ಮೇಲೆ ನಿಮ್ಮ ಮುಖ ಮರೆತುಹೋಯ್ತು. ಅದೊಂದು ಮಾತ್ರ ನೆನಪಿತ್ತು. ಅಪ್ಪ ಅಂದ್ರೆ ಆ ಕೈ. ಆ ತಾರೀಕು ಬರೆಸದಿದ್ದರೆ ನನಗೆ ಅದೂ ಇರ್ತಿರಲಿಲ್ಲ." ಕನ್ನಡಕ ಸರಿಮಾಡಿಕೊಂಡು, "ಹೋಗುವ, ಅಮ್ಮ ಕಾಯ್ತಾ ಇರ್ತಾರೆ," ಎಂದಳು.

ಮರುದಿನ ಶುಕ್ರವಾರ ರಜೆ. ಸೇಸಪ್ಪ ತೇಗದ ತುಂಡೊಂದರಿಂದ ಆ ಪ್ಲೇಟು ಇಡಲು ಅಂಗೈಯಷ್ಟು ಪೆಟ್ಟಿಗೆ ಮಾಡಿದ. ಒಂದು ಮೊಳೆಯೂ ಇಲ್ಲ, ಮೂಲೆಗಳನ್ನು ಹಲ್ಲು ಕೊರೆದು ಒಂದಕ್ಕೊಂದು ಕಚ್ಚಿಸಿ ಕೂಡಿಸಿದ್ದು. ಅದನ್ನು ಅವಳ ದಿಂಬಿನ ಹತ್ತಿರ ಇಟ್ಟ. ಆಮೇಲೆ ದಿನಾ ಮಲಗುವ ಮೊದಲು ಆಚೆ ಕೋಣೆಯಲ್ಲಿ ಅದರ ಮುಚ್ಚಳದ ಸದ್ದಿಗೆ ಕಿವಿ ಕೊಡುತ್ತಿದ್ದ. ಸದ್ದು ಕೇಳಿದ ಮೇಲೆಯೇ ನಿದ್ದೆ.

ತೊಂಬತ್ತಾರರ ಆಟಿ ಬಂತು. ಅಲ್ ಖೌದ್‌ನಲ್ಲಿ ಹಾಲೆಮರವಿಲ್ಲ, ಕಷಾಯವಿಲ್ಲ. ಹೊರಗೆ ಬೆಂಕಿಯಂಥ ಬಿಸಿಲು. ಅಮಾವಾಸ್ಯೆಯ ಮರುದಿನ ಸುಂದರಿ ಹೆಸರುಬೇಳೆ ಪಾಯಸ ಮಾಡಿದಳು. ಮೂವತ್ತು ಜನ ಮೇ ತಿಂಗಳಲ್ಲೇ ಹುಟ್ಟಿದರೆಂಬ ವಿಕ್ಟರನ ಮಾತನ್ನು ಸೇಸಪ್ಪ ಇನ್ನೊಮ್ಮೆ ಹೇಳಿದ. ಎಷ್ಟು ಸಲ ಕೇಳಿದ್ದರೂ ಲೋಲಾಕ್ಷಿಗೆ ನಗು ತಡೆಯಲಿಲ್ಲ. ಒಂದು ಕೈಯಲ್ಲಿ ಪಾಯಸದ ಲೋಟ, ಇನ್ನೊಂದು ಬಾಯಿಗೆ ಹೋಗದೆ ಮಡಿಲಲ್ಲೇ ಇತ್ತು.

ಸೇಸಪ್ಪ ಒಂದು ಕಣ್ಣು ಮುಚ್ಚಿ ನೋಡಿದ. ಸಂದು ಅಕ್ಕಿಕಾಳಿನಷ್ಟೇ ಇತ್ತು, ಹೆಚ್ಚಾಗಿರಲಿಲ್ಲ.