ಅತ್ತೆಯ ತಂಬಿಗೆ, ನರ್ಸಮ್ಮನ ಲೀಟರು

ಇಪ್ಪತ್ತು ವರ್ಷದ ಹಿಂದಿನ ಮಾತು. ನನ್ನ ಮಗಳಿಗೆ ಆಗ ಎರಡು ವರ್ಷ. ಬೆಳಗಿನಿಂದ ಭೇದಿಯಾಗಿ ಮಗು ಬಾಡಿದ ಸೊಪ್ಪಿನಂತಾಗಿತ್ತು. ಔಷಧಿ ಅಂಗಡಿಯಿಂದ ನೀರಲ್ಲಿ ಕಲಸಿ ಕುಡಿಸುವ ಉಪ್ಪು-ಸಕ್ಕರೆಯ ಎರಡು ಓಆರ್‌ಎಸ್ ಪೊಟ್ಟಣ ತಂದೆ. ‘ಒಂದು ಲೀಟರ್ ನೀರಿಗೆ ಒಂದು ಪೊಟ್ಟಣ’ ಎಂದು ಬರೆದಿತ್ತು.

“ಒಂದು ತಂಬಿಗೆ ಅಂದ್ರೆ ಒಂದು ಲೀಟರೇ ಕಣೇ,” ಎಂದರು ಅತ್ತೆ.

ಅದು ಅವರ ತವರಿನ ಹಿತ್ತಾಳೆ ತಂಬಿಗೆ. ಅದರ ಕಂಠ ಸವರುತ್ತಾ ಅತ್ತೆ ತಮ್ಮ ಅಮ್ಮನ ಅಡುಗೆಮನೆಯ ಕಥೆ ಹೇಳುತ್ತಿದ್ದರೆ ನನಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಅವರ ಮಾತು ನಂಬಿ ಆ ತಂಬಿಗೆ ನೀರಿಗೆ ಪೊಟ್ಟಣ ಪೂರ್ತಿ ಸುರಿದೆ. ಮಗು ನಾಲ್ಕು ಗುಟುಕು ಕುಡಿದು ವಾಂತಿ ಮಾಡಿತು.

ಮಧ್ಯಾಹ್ನ ಆರೋಗ್ಯ ಕೇಂದ್ರದ ನರ್ಸಮ್ಮ ಮನೆಗೆ ಬಂದರು. ಕಲಸಿಟ್ಟ ನೀರಿನ ಒಂದು ಹನಿ ನಾಲಿಗೆಗಿಟ್ಟು ಮುಖ ಕಿವುಚಿದರು.

“ಇಷ್ಟು ಉಪ್ಪು! ಯಾವುದರಲ್ಲಿ ಅಳೆದ್ರಿ?”

“ಇದರಲ್ಲೇ. ನಮ್ಮಮ್ಮ ಎಂಟು ಮಕ್ಕಳನ್ನ ಸಾಕಿದ್ಲು. ಲೀಟರು ಗೀಟರು ಯಾರಿಗೆ ಗೊತ್ತಿತ್ತು?” ಅತ್ತೆ ಸಿಡುಕಿದರು.

ನರ್ಸಮ್ಮ ಒಂದು ಲೀಟರಿನ ಬಾಟಲಿ ತುಂಬಿಸಿ ತಂಬಿಗೆಗೆ ಸುರಿದರು. ತಂಬಿಗೆ ತುಂಬಿತು. ಬಾಟಲಿಯಲ್ಲಿ ಇನ್ನೂ ಅರ್ಧ ನೀರಿತ್ತು.

“ನಿಮ್ಮ ತಂಬಿಗೆ ಒಂದು ಥರ, ಪಕ್ಕದ ಮನೇದು ಇನ್ನೊಂದು ಥರ, ಅಜ್ಜಿ. ಪೊಟ್ಟಣ ಮಾಡೋರು ಯಾರ ತಂಬಿಗೆ ಅಂತ ನೋಡ್ತಾರೆ? ಅದಕ್ಕೇ ದೇಶದೇಶದೋರು ಕೂತು ಅಳತೆ ಒಪ್ಪಿಕೊಂಡಿದ್ದಾರೆ. ಲೀಟರು ಅಂದ್ರೆ ಇಲ್ಲೂ ಅಷ್ಟೇ, ಸಮುದ್ರದಾಚೆನೂ ಅಷ್ಟೇ. ನೀರು ಕಮ್ಮಿಯಾದ್ರೆ ಉಪ್ಪು ಜಾಸ್ತಿಯಾಗಿ ಮಗುಗೇ ಅಪಾಯ.”

ಅತ್ತೆಯ ದನಿ ಇಳಿಯಿತು. “ನನ್ನ ಕೈಯಾರೆ ಕೂಸಿಗೆ…”

“ಬೇಗ ಗೊತ್ತಾಯ್ತಲ್ಲ, ಬಿಡಿ. ಇನ್ನೊಂದು ಪೊಟ್ಟಣ ಕೊಡಿ. ಆದರೂ ಮಗು ಕಣ್ಣು ತೇಲಿಸಿದ್ರೆ, ಕುಡಿಯದೇ ಹೋದ್ರೆ ಆಸ್ಪತ್ರೆಗೆ ಓಡಬೇಕು.”

ಕುದಿಸಿ ಆರಿಸಿದ ನೀರನ್ನು ಲೀಟರಿಗೆ ಸರಿಯಾಗಿ ಅಳೆದು ಕಲಸಿದೆವು. ಅತ್ತೆ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಚಮಚ ಚಮಚವಾಗಿ ಕುಡಿಸುತ್ತಾ ಕೂತರು. ಎದ್ದು ಊಟಕ್ಕೂ ಬರಲಿಲ್ಲ. ಸಂಜೆ ಇದ್ದಕ್ಕಿದ್ದಂತೆ ಕೂಗಿದರು:

“ಬಾರೇ ಇಲ್ಲಿ! ನನ್ನ ಮಡಿಲೆಲ್ಲಾ ಒದ್ದೆ ಮಾಡಿದ್ಲು ನೋಡು!”

ಬೆಳಗಿನಿಂದ ಮಗು ಉಚ್ಚೆ ಹೊಯ್ದಿದ್ದು ಅದೇ ಮೊದಲು; ಅಂತೂ ಮೈಯಲ್ಲಿ ನೀರು ನಿಂತಿತ್ತು. ಅತ್ತೆ ನಗುತ್ತಲೂ ಇದ್ದರು, ಅಳುತ್ತಲೂ ಇದ್ದರು. ಮಾರನೆಯ ದಿನದಿಂದ ಓಣಿಯಲ್ಲಿ ಯಾರ ಮಗುವಿಗೆ ಭೇದಿಯಾದರೂ “ಲೀಟರು ಅಳೆದ್ಯೇನೇ?” ಎಂದು ಅವರೇ ಹೋಗಿ ವಿಚಾರಿಸುತ್ತಿದ್ದರು. ಅತ್ತೆ ಈಗಿಲ್ಲ.

ಅಮ್ಮಂದಿರೇ, ಅಜ್ಜಿಯರೇ, ಔಷಧಿಯ ವಿಷಯದಲ್ಲಿ ಅಂದಾಜು ಬೇಡ. ಪೊಟ್ಟಣದ ಮೇಲೆ ಬರೆದ ಅಳತೆ ಓದಿ. ಓದಲು ಬಾರದಿದ್ದರೆ ಕೇಳಿ, ಸಂಕೋಚ ಬೇಡ. ಲೀಟರಿನ ಗುರುತಿರುವ ಪಾತ್ರೆಯೊಂದನ್ನು ಇವತ್ತೇ ತಂದು ಮನೆಯಲ್ಲಿಡಿ.