ಎರಡು ಸಲ ತುಳಿದರೆ ಹಿಡಿಯುವ ಬ್ರೇಕು

ಎದುರುಮನೆಯ ಎರ್ಮೀನಿಯಾ ಹೊಸ ಕಾರು ತಂದಾಗಿನಿಂದ ಕ್ರಿಸಾಂತಾಳಿಗೆ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ. ಬೆಟ್ಟದೂರಾದ ಲಾ ತ್ರಿನಿದಾದ್‌ನ ಆ ಇಳಿಜಾರು ಬೀದಿಯಲ್ಲಿ ಎರ್ಮೀನಿಯಾಳ ಬಿಳಿ ಕಾರು ಫಳಫಳ ಹೊಳೆಯುತ್ತ ನಿಂತಿರುತ್ತಿತ್ತು. ಅವಳು ಮಾರಿದ ಹಳೇ ಕಾರು ಇವಳ ಅಂಗಳದಲ್ಲಿತ್ತು. ಅವಳು ಬಿಟ್ಟದ್ದನ್ನು ಇವಳು ಓಡಿಸಬೇಕು. ಹೊಟ್ಟೆ ಉರಿಯಲು ಇನ್ನೇನು ಬೇಕು ಹೇಳಿ!

ಇವಳ ಗಂಡ ಅನಿಸೆತೊ ಕಾರನ್ನು ತನ್ನ ಹೆಸರಿಗೆ ಮಾಡಿಸಿಕೊಂಡಿರಲಿಲ್ಲ. ನಾಳೆ ಮಾರಲು ಸಲೀಸು ಎಂದು, ಎಲ್ಲರ ಹಾಗೆ, ಎರ್ಮೀನಿಯಾ ತಾರೀಖು ಹಾಕದೆ ಸಹಿ ಮಾಡಿಕೊಟ್ಟ ಕ್ರಯಪತ್ರವನ್ನೇ ಮಡಚಿ ಇಟ್ಟುಕೊಂಡಿದ್ದ. ಸರ್ಕಾರದ ಲೆಕ್ಕದಲ್ಲಿ ಕಾರು ಇನ್ನೂ ಎರ್ಮೀನಿಯಾಳದೇ.

ಒಂದು ದಿನ ಎರ್ಮೀನಿಯಾ ಬೇಲಿಯ ಹತ್ತಿರ ಬಂದಳು.

"ಕ್ರಿಸಾಂತಾ, ಆ ಕಾರಿನ ಬ್ರೇಕಲ್ಲಿ ದೋಷ ಇದೆಯಂತೆ ಕಣೇ. ಕಂಪನಿಯವರು ವಾಪಸ್ ಕರೆಸ್ತಿದಾರೆ. ಸುದ್ದಿ ನನ್ನ ಹೆಸರಿಗೇ ಬಂದಿದೆ. ಪುಕ್ಕಟೆ ಸರಿಮಾಡ್ತಾರೆ, ತಗೊಂಡ್ಹೋಗಿ."

"ನಿಮ್ಮನೇಲಿ ಚೆನ್ನಾಗಿದ್ದಿದ್ದು ನಮ್ಮನೆಗೆ ಬಂದ್ಮೇಲೆ ಕೆಟ್ಟೋಯ್ತಾ ಮನಾಂಗ್?" ಅವರ ಕಡೆ ಅಕ್ಕ ಎನ್ನುವ ಆ ಮಾತಿನಲ್ಲೂ ಕ್ರಿಸಾಂತಾ ಕೊಂಕು ಸೇರಿಸಿದಳು.

"ಆಗ್ಲೂ ಒಂದ್ಸಲ ಕರೆಸಿ ಒಳಗಿನ ರಬ್ಬರ್ ಬದಲಾಯಿಸಿದ್ರು. ಈಗ ಮತ್ತೆ ಅದೇ ತೊಂದರೆಯಂತೆ."

"ಒಂದ್ಸಲ ಆಗಿದೆ ಅಂದ್ಮೇಲೆ ಮುಗೀತಲ್ಲ. ನಮ್ಮದು ಹಳೇದು ಅಂತ ದಿನಾ ನೆನಪಿಸ್ಬೇಕಾ?"

ಎರ್ಮೀನಿಯಾ ತನ್ನ ಮನೆ ಕಡೆ ಹೊರಟುಹೋದಳು.

"ನಮ್ಮ ಕಾರು ಓಡೋದು ಅವಳ ಕಣ್ಣು ಚುಚ್ತಿದೆ," ಎಂದು ಕ್ರಿಸಾಂತಾ ಗಂಡನ ಮುಂದೆ ಸಿಡುಕಿದಳು.

"ಪೆಡಲ್ ಮೆತ್ತಗಾಗಿರೋದು ನಿಜ ಕಣೇ. ಎರಡು ಸಲ ತುಳಿದ್ರೆ ಹಿಡಿಯುತ್ತೆ."

"ಹಂಗಾದ್ರೆ ಎರಡು ಸಲ ತುಳಿ. ಅವಳ ಮಾತು ಕೇಳ್ಕೊಂಡು ಎಲ್ಲಿಗೂ ಹೋಗೋದು ಬೇಡ."

ಭಾನುವಾರ ಇಗರ್ಜಿಗೆ ಹೊರಟರು. ಹಿಂದಿನ ಸೀಟಿನಲ್ಲಿ ಮಗಳು ಲುವೆಲ್ಲಾ. ಇಳಿಜಾರಿನಲ್ಲಿ ಅನಿಸೆತೊ ಬ್ರೇಕ್ ತುಳಿದ. ಪೆಡಲ್ ತಳಕ್ಕೆ ಹೋಗಿ ಕೂತಿತು. ಮತ್ತೆ ತುಳಿದ, ಮತ್ತೂ ತುಳಿದ. ಹ್ಯಾಂಡ್‌ಬ್ರೇಕ್ ಎಳೆದರೂ ಕಾರು ಜಾರುತ್ತಲೇ ಇತ್ತು. ಮುಂದಿನ ತಿರುವಿನಾಚೆ ಕಂದಕ. ತಿರುವಿಗೆ ಮೊದಲು, ಇಗರ್ಜಿಯ ಮುಂದೆ, ಎರ್ಮೀನಿಯಾಳ ಬಿಳಿ ಕಾರು ಖಾಲಿ ನಿಂತಿತ್ತು. ಅನಿಸೆತೊ ಬೇಕೆಂದೇ ಅದರ ಬೆನ್ನಿಗೆ ಗುದ್ದಿಸಿದ.

ಎರ್ಮೀನಿಯಾ ಓಡಿ ಬಂದಳು. ತನ್ನ ಕಾರಿನ ಕಡೆ ತಿರುಗಿಯೂ ನೋಡದೆ ಬಾಗಿಲು ತೆಗೆದು ಲುವೆಲ್ಲಾಳನ್ನು ಎತ್ತಿಕೊಂಡಳು. ಮಗುವಿನ ಹಣೆಯಲ್ಲಿ ಸಣ್ಣ ಗಾಯ, ಅಷ್ಟೇ.

ಆ ಬಿಳಿ ಕಾರಿಗೆ ಒಂದು ಗೀರಾದರೂ ಬೀಳಬಾರದೇ ಎಂದು ಕ್ರಿಸಾಂತಾ ಎಷ್ಟು ಸಲ ಅಂದುಕೊಂಡಿದ್ದಳೋ. ಈಗ ಅದರ ಬೆನ್ನೇ ಜಜ್ಜಿಹೋಗಿತ್ತು. ಅವಳಿಗೆ ನಾಚಿಕೆಯಿಂದ ಅಳು ಬಂತು.

"ನನ್ನ ಹೊಟ್ಟೆಕಿಚ್ಚು ಮಗೂನ ನುಂಗಿಬಿಡ್ತಿತ್ತಲ್ಲ ಮನಾಂಗ್."

"ಅಳೋದು ಆಮೇಲೆ ಅಳು. ಮೊದಲು ಗಾಡೀನ ಎಳೆಸ್ಕೊಂಡು ಸರ್ವಿಸ್‌ಗೆ ಹೋಗೋಣ ನಡಿ," ಎಂದಳು ಎರ್ಮೀನಿಯಾ.

ಸರ್ವಿಸ್ ಸೆಂಟರಿನ ಹೆಂಗಸು ಬಿಡಿಸಿ ಹೇಳಿದಳು: "ಕಂಪನಿ ಹೇಳಿರೋ ಭಾಗ ಪುಕ್ಕಟೆ. ಸವೆದಿರೋ ಪ್ಯಾಡು, ಬಿರುಕುಬಿಟ್ಟ ಪೈಪು, ಹಳೇ ಎಣ್ಣೆ ಅದರಲ್ಲಿ ಸೇರಲ್ಲ, ನೀವೇ ಹಾಕಿಸ್ಬೇಕು. ಕಾರು ನಿಮ್ಮ ಹೆಸರಲ್ಲಿ ಇಲ್ದಿದ್ರೆ ಮುಂದಿನ ಸಲ ಸುದ್ದೀನೂ ಬರಲ್ಲ."

ಅನಿಸೆತೊ ಬ್ರೇಕೂ ಪೂರ್ತಿ ಸರಿಮಾಡಿಸಿದ, ಕಾರನ್ನು ತನ್ನ ಹೆಸರಿಗೂ ಮಾಡಿಸಿಕೊಂಡ. ಎರ್ಮೀನಿಯಾಳ ಕಾರೂ ರಿಪೇರಿಯಾಗಿ ಮೊದಲಿಗಿಂತ ಹೊಳೆಯುತ್ತಿದೆ. ಅದನ್ನು ಕಂಡರೆ ಕ್ರಿಸಾಂತಾಳಿಗೆ ಈಗಲೂ ಒಳಗೊಳಗೇ ಚುರ್ ಎನ್ನುತ್ತದೆ, ಸುಳ್ಳು ಯಾಕೆ ಹೇಳಲಿ?

ಹಳೇ ಕಾರು ಕೊಂಡವರೇ, ಅದನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಚಾಸಿ ನಂಬರ್ ಹೇಳಿ, ವಾಪಸ್ ಕರೆಸಿದ್ದಾರೆಯೇ ಎಂದು ಕಂಪನಿಯನ್ನು ನೀವೇ ಕೇಳಿ. ಒಂದು ಸಲ ಸರಿಮಾಡಿದ್ದಾರೆಂದು ನಂಬಿ ಕೂರಬೇಡಿ. ಅಕ್ಕಪಕ್ಕದವರ ಮೇಲೆ ಎಷ್ಟು ಬೇಕಾದರೂ ಮುನಿಸಿಕೊಳ್ಳಿ, ಆದರೆ ಪೆಡಲ್ ಮೆತ್ತಗಾದ ದಿನವೇ ಗಾಡಿ ನಿಲ್ಲಿಸಿ. ಹಿಂದಿನ ಸೀಟಿನಲ್ಲಿ ನಿಮ್ಮ ಮಗು ಕೂತಿರುತ್ತದೆ.