ಅತ್ತೆಯ ಹೊಗೆಸೊಪ್ಪಿನ ಬೂದಿ

ಬೀರ್ ಮಲ್ಹಾದಲ್ಲಿ ಹಾ ಗುಯ್‌ಜಿಯನ್ನು ಎಲ್ಲರೂ ಹಾಜ್ಜಾ ಎಂದೇ ಕರೆಯುತ್ತಿದ್ದರು. ಮೆಕ್ಕಾ ಯಾತ್ರೆ ಮಾಡಿ ಬಂದ ಹೆಂಗಸಿಗೆ ಸಲ್ಲುವ ಮರ್ಯಾದೆ ಅದು. ಅವಳಾದರೋ ಮೆಕ್ಕಾವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವಳಲ್ಲ.

ಅವಳು ಹುಟ್ಟಿದ್ದು ಚೀನಾದ ಗಾನ್ಸು ಸೀಮೆಯ ಲಿನ್‌ಶಿಯಾ ಬಳಿಯ ಒಂದು ಹಳ್ಳಿಯಲ್ಲಿ, ತಲೆತಲಾಂತರದಿಂದ ನಮಾಜು ಮಾಡುತ್ತ, ಶಾವಿಗೆ ಎಳೆಯುತ್ತ ಬಂದ ಮನೆಯಲ್ಲಿ. ಟ್ಯುನೀಸಿಯಾದ ಈ ಒಣ ನೆಲಕ್ಕೆ ಬಂದದ್ದು ರಸ್ತೆ ಹಾಕುತ್ತಿದ್ದ ತನ್ನೂರ ಕಡೆಯ ಕೆಲಸಗಾರರಿಗೆ ಬೇಯಿಸಿ ಹಾಕಲು. ಬಿಡಾರದ ಗಂಡಸರೆಲ್ಲ ಅವಳನ್ನು ‘ಹಾ ಜಿಯೆ’ ಎನ್ನುತ್ತಿದ್ದರು. ಹಾ ಎಂಬುದು ಮನೆತನದ ಹೆಸರು, ಜಿಯೆ ಎಂದರೆ ಅಕ್ಕ. ಹಾ ಜಿಯೆ ಉಪ್ಪು ಕಡಿಮೆ, ಹಾ ಜಿಯೆ ಇನ್ನೊಂದು ಬಟ್ಟಲು ಎಂದು ದಿನಕ್ಕೆ ನೂರು ಸಲ ಕೂಗು. ನೀರಿನ ಟ್ಯಾಂಕರು ತರುತ್ತಿದ್ದ ಮಬ್ರೂಕನ ಕಿವಿಗೆ ಅದು ಹಾಜ್ಜಾ ಎಂದೇ ಬಿತ್ತು. ಹೆಂಡತಿ ತೀರಿಕೊಂಡು ಐದು ವರ್ಷವಾಗಿದ್ದ ಮನುಷ್ಯ. ಇವಳ ಕೈಯ ಸಾರು ಕುಡಿದ, ಮತ್ತೊಂದು ದಿನ ಕುಡಿದ, ಆಮೇಲೆ ನೀರು ಬೇಡದ ದಿನವೂ ಟ್ಯಾಂಕರು ತರತೊಡಗಿದ.

ಅವನ ತಾಯಿ ತೆಬ್ರಾ ಮೊದಲು ಒಪ್ಪಿರಲಿಲ್ಲ. “ಚೀನಾದವಳಾ? ಕತ್ತೇನೂ ಬಿಡದೆ ತಿಂತಾರಂತಲ್ಲ, ನಮ್ಮ ಕತ್ತೆ ಕಥೆ ಏನಪ್ಪಾ ಆಮೇಲೆ?” ಎಂದಿದ್ದಳು.

“ಉಮ್ಮಿ, ಅವಳು ಹಾಜ್ಜಾ,” ಎಂದ ಮಬ್ರೂಕ.

ಮುದುಕಿಯ ಬಾಯಿ ಮುಚ್ಚಿತು. ಆ ಊರಿನಲ್ಲಿ ಇಮಾಮರ ತಾಯಿಯನ್ನು ಬಿಟ್ಟರೆ ಇನ್ನೊಬ್ಬಳು ಹಾಜ್ಜಾ ಇರಲಿಲ್ಲ.

ನಿಜ ಹೊರಬಿದ್ದದ್ದು ಮದುವೆ ಬರೆಸುವ ಕಚೇರಿಯಲ್ಲಿ. “ಹೆಸರು?” ಎಂದು ಗುಮಾಸ್ತ ಕೇಳಿದ. “ಹಾ,” ಎಂದಳು. “ಹಾ, ನಿನ್ನ ಹೆಸರೇ ಕೇಳಿದ್ದು.” “ಹಾ!” “ಕಿವಿ ಕೇಳಲ್ವೇನಮ್ಮಾ?” ಕೊನೆಗೆ ಪಾಸ್‌ಪೋರ್ಟು ನೋಡಿ ಎಲ್ಲ ಬಗೆಹರಿಯಿತು. ಹೊರಗೆ ಬಂದ ಮೇಲೆ ಮಬ್ರೂಕ ತಲೆ ಕೆರೆದುಕೊಂಡು, “ಉಮ್ಮಿಗೆ ಹೇಳೋದು ಬೇಡ. ಮನೆ ತಣ್ಣಗಿರ್ಲಿ,” ಎಂದ.

ಮನೆ ಏಳು ವರ್ಷ ತಣ್ಣಗೇ ಇತ್ತು. ಮೂರನೇ ವರ್ಷಕ್ಕೆ ರಸ್ತೆ ಮುಗಿಯಿತು, ಬಿಡಾರ ಎದ್ದಿತು, ತನ್ನ ಕಡೆಯವರೆಲ್ಲ ಹೋದರು. ಹಾ ಮೇಕೆ ಹಾಲು ಕರೆದಳು, ಆಲಿವ್ ಬಡಿದು ಉದುರಿಸಿದಳು, ರವೆಯ ಕುಸ್ಕುಸ್ ಹಬೆಯಲ್ಲಿ ಬೇಯಿಸುವುದನ್ನು ಅತ್ತೆಯಿಂದ ಕಲಿತಳು. ಪಕ್ಕದ ಮನೆಯ ಮನ್ನೂಬಿಯಾ ಮಾತ್ರ ಗೋಡೆಯ ಮೇಲಿಂದ ಕತ್ತು ಚಾಚಿ ಆಗಾಗ ಕೆಣಕುತ್ತಿದ್ದಳು: “ಹಾಜ್ಜಾ, ಮೆಕ್ಕಾದ ಝಮ್‌ಝಮ್ ನೀರು ಹೇಗಿರತ್ತೆ ಹೇಳೇ.”

“ಒದ್ದೆ ಇರತ್ತೆ,” ಎನ್ನುತ್ತಿದ್ದಳು ಹಾ, ಆಕಾಶ ನೋಡಿ ನಿಟ್ಟುಸಿರು ಬಿಟ್ಟು.

ಒಂದು ಕೊರತೆ ಮಾತ್ರ ತೀರಲಿಲ್ಲ. ಅವಳ ಸೀಮೆಯ ಶಾವಿಗೆ ಒತ್ತುವುದಲ್ಲ, ಕೈಯಲ್ಲಿ ಎಳೆಯುವುದು. ಕಣಕಕ್ಕೆ ಹಿಟ್ಟು, ಉಪ್ಪು, ನೀರು ಸಾಲದು; ಬೆಟ್ಟದ ಒಂದು ಉಪ್ಪುಗಿಡವನ್ನು ಸುಟ್ಟ ಬೂದಿಯ ತಿಳಿಯೂ ಬೇಕು. ಕ್ಷಾರ ಹಾಕದ ಹಪ್ಪಳದ ಹಿಟ್ಟಿನ ಪಾಡೇ ಇದಕ್ಕೂ. ಬೂದಿ ಇದ್ದರೆ ಕಣಕ ಹೇಳಿದ ಮಾತು ಕೇಳುತ್ತದೆ, ಇಲ್ಲದಿದ್ದರೆ ಎರಡನೇ ಎಳೆತಕ್ಕೇ ಹರಿದು ಬೀಳುತ್ತದೆ. ಊರಿಂದ ತಂದಿದ್ದ ಬೂದಿಯ ಪೊಟ್ಟಣ ಮೂರನೇ ವರ್ಷಕ್ಕೆ ಮುಗಿದಿತ್ತು. ಅಡುಗೆ ಸೋಡಾ ಹಾಕಿ ನೋಡಿದಳು. ಸಾಬೂನಿನ ವಾಸನೆ ಬಂತು, ಎಳೆ ಬರಲಿಲ್ಲ. ಮಬ್ರೂಕ ಮುರಿದ ತುಂಡುಗಳನ್ನೇ ಚಮಚದಲ್ಲಿ ತಿಂದು, “ನಿಮ್ಮೂರಲ್ಲಿ ಇದನ್ನ ತಿನ್ನೋಕೆ ಎರಡು ಕಡ್ಡಿ ಯಾಕೆ ಬೇಕೋ!” ಎಂದಿದ್ದ. ಅಂದಿನಿಂದ ಅವಳು ಆ ಕೆಲಸಕ್ಕೆ ಕೈ ಹಾಕಿರಲಿಲ್ಲ.

ಆ ಮಂಗಳವಾರ ಮೆದನೀನ್ ಪೇಟೆಗೆ ಬೋಗುಣಿ ಕೊಳ್ಳಲು ಹೋಗಿದ್ದಳು. ಪ್ಲಾಸ್ಟಿಕ್ ಸಾಮಾನಿನ ಅಂಗಡಿಯೊಂದರೊಳಗೆ ಬಕೆಟ್ಟುಗಳ ರಾಶಿ ದಡದಡ ಕುಸಿಯಿತು. ಅದರ ಹಿಂದೆಯೇ ಒಂದು ಬೈಗುಳ ಬಂತು. ಅರಬ್ಬಿಯದಲ್ಲ, ತನ್ನ ಸೀಮೆಯ ಲಾನ್‌ಜೋ ಪಟ್ಟಣದ ಅಪ್ಪಟ ಬೀದಿ ಬೈಗುಳ. ಬಕೆಟ್ಟಿನ ತಾಯಿಯನ್ನೂ ಅಜ್ಜಿಯನ್ನೂ ಒಟ್ಟಿಗೇ ಎಳೆದು ತರುವಂಥದ್ದು. ಅವಳ ಕಣ್ಣಲ್ಲಿ ನೀರು ಬಂತು. ಇಷ್ಟು ಇಂಪಾದ ಮಾತನ್ನು ಅವಳು ನಾಲ್ಕು ವರ್ಷದಿಂದ ಕೇಳಿರಲಿಲ್ಲ.

ಬಕೆಟ್ಟುಗಳ ನಡುವೆ ಐವತ್ತರ ಆಸುಪಾಸಿನ, ಹೊಟ್ಟೆ ಬಂದ ಮನುಷ್ಯನೊಬ್ಬ ನಿಂತಿದ್ದ. ದುವಾನ್ ಎಂದು ಹೆಸರು. ಇವಳು ಊರ ಮಾತಿನಲ್ಲಿ ತನ್ನ ಹೆಸರು ಹೇಳಿದ್ದು ಕೇಳಿ ಕೈಯಲ್ಲಿದ್ದ ಬಕೆಟ್ಟನ್ನೂ ಬೀಳಿಸಿದ.

“ಲಿನ್‌ಶಿಯಾದವಳಾ? ಹಾಗಾದ್ರೆ ಶಾವಿಗೆ ಎಳೆಯೋಕೆ ಬರತ್ತಾ?”

“ಬರದೆ ಏನು? ಅದು ಬರದೆ ನಮ್ಮೂರಲ್ಲಿ ಹೆಣ್ಣು ಕೊಡಲ್ಲ, ತರೋದೂ ಇಲ್ಲ.”

“ಎಲ್ಲರೂ ಹೀಗೇ ಹೇಳೋದು. ಕಡಲ ತೀರದ ಹೋಟೆಲ್ಲಲ್ಲಿ ಚೀನೀ ಊಟ ಅಂತ ಬೋರ್ಡು ನೋಡಿ ಹೋದೆ. ಸ್ಪಗೆಟ್ಟಿಗೆ ಕರೀ ನೀರು ಹುಯ್ದು, ಮೇಲೆ ಅನಾನಸು ಇಟ್ಟಿದ್ದ. ಅಡುಗೆಯೋನು ಬಂದು ನನ್ನನ್ನೇ ಕೇಳ್ತಾನೆ, ‘ನಿಮ್ಮೂರಿನ ಹಾಗೇ ಇದೆಯಲ್ವಾ?’ ಅಂತ! ಆರು ವರ್ಷ ಆಯ್ತು ಹಾ ಜಿಯೆ. ಅಂಗಡಿ ಮುಚ್ಚಿ ರಾಜಧಾನಿ ಕಡೆ ಹೋಗೋಣ ಅಂತಿದ್ದೀನಿ. ಅಲ್ಲಾದ್ರೂ ನಾಲ್ಕು ಜನ ನಮ್ಮೋರಿದ್ದಾರೆ.”

ಅಷ್ಟು ಸಾಕಾಯಿತು. “ಶುಕ್ರವಾರ ಮಧ್ಯಾಹ್ನ ಮನೆಗೆ ಬಾ,” ಎಂದುಬಿಟ್ಟಳು. “ತಿಂದು ನೋಡಿ ಆಮೇಲೆ ಹೋಗು.”

“ಚೆನ್ನಾಗಿಲ್ದಿದ್ರೆ ಮುಖದ ಮೇಲೇ ಹೇಳ್ತೀನಿ. ಇನ್ನೊಂದ್ಸಲ ಬರೋದೂ ಇಲ್ಲ,” ಎಂದ ದುವಾನ್. ಸುಳ್ಳು ಹೊಗಳುವ ಮುಖವಲ್ಲ ಅದು.

ವಾಪಸು ಬರುವ ಬಸ್ಸಿನಲ್ಲಿ ಮಡಿಲಲ್ಲಿ ಬೋಗುಣಿ ಇಟ್ಟುಕೊಂಡು ಕೂತಾಗ ಅವಳಿಗೆ ಬೂದಿಯ ನೆನಪಾಯಿತು. ಒಂದು ಊಟದ ಮಾತಾಗಿದ್ದರೆ ಕುರಿ ಕೊಯ್ದು ಕುಸ್ಕುಸ್ ಬಡಿಸಬಹುದಿತ್ತು. ಆದರೆ ಇವನು ಹೋದರೆ ತನ್ನ ಮಾತು ಬಲ್ಲವರು ಈ ಸೀಮೆಯಲ್ಲಿ ಇನ್ನೊಬ್ಬರಿಲ್ಲ. ತಿಂಗಳಿಗೊಮ್ಮೆ ಬಂದು ಕೂತು ಬೈದುಕೊಂಡು ತಿಂದು ಹೋಗುವ ಒಬ್ಬನಿದ್ದರೆ ಸಾಕಿತ್ತು.

ಬುಧವಾರ ಇಡೀ ದಿನ ಹಿಟ್ಟು ಮಿದ್ದಳು. ಸೋಡಾ ಹೆಚ್ಚಿಸಿದಳು, ತಗ್ಗಿಸಿದಳು, ಒಲೆಯ ಬೂದಿಯನ್ನು ಸೋಸಿ ಹಾಕಿದಳು. ಕಣಕ ಮೊಂಡು ಕತ್ತೆಯ ಹಾಗೆ ಅಲ್ಲೇ ನಿಂತಿತು. ಗುರುವಾರ ಮಧ್ಯಾಹ್ನದ ಹೊತ್ತಿಗೆ ರಟ್ಟೆ ಸೋತು, ಹಾಳಾದ ಕಣಕದ ಬುಟ್ಟಿಯನ್ನು ಎತ್ತಿಕೊಂಡು ಮೇಕೆಗಳಿಗಾದರೂ ಆಗಲೆಂದು ಹಿತ್ತಲಿಗೆ ನಡೆದಳು.

ಹಿತ್ತಲು ಅತ್ತೆಯ ರಾಜ್ಯ. ತೆಬ್ರಾ ದಿನವೂ ಮಧ್ಯಾಹ್ನದ ನಮಾಜಾದ ಮೇಲೆ “ಮೇಕೆ ನೋಡ್ಕೊಂಡು ಬರ್ತೀನಿ” ಎಂದು ಹೋದರೆ ಬರುವುದು ಒಂದು ತಾಸು ಬಿಟ್ಟು. ಇದ್ದದ್ದು ಮೂರೇ ಮೇಕೆ. ಪಾಪ, ವಯಸ್ಸಾಗಿದೆ, ಹೊಟ್ಟೆ ಸರಿಯಿಲ್ಲ ಎಂದುಕೊಂಡು ಹಾ ಆ ಹೊತ್ತಿನಲ್ಲಿ ಅತ್ತ ಹೋಗುತ್ತಲೇ ಇರಲಿಲ್ಲ.

ಕೊಟ್ಟಿಗೆಯ ಮೂಲೆ ತಿರುಗುವ ಮೊದಲೇ ವಾಸನೆ ಬಂದು ಅವಳನ್ನು ತಡೆದು ನಿಲ್ಲಿಸಿತು. ಉಪ್ಪುಪ್ಪಾದ, ಮೂಗು ಕೊರೆಯುವ ಹೊಗೆ. ಸುಗ್ಗಿ ಮುಗಿದ ಮೇಲೆ ಅಪ್ಪ ಬೆಟ್ಟದ ಮೇಲೆ ಗುಂಡಿ ತೋಡಿ ಉಪ್ಪುಗಿಡ ಸುಡುತ್ತಿದ್ದ; ಬೆಲ್ಲದ ಪಾಕದ ಹಾಗೆ ಕರಗಿ ಗುಂಡಿಯ ತಳಕ್ಕೆ ಇಳಿಯುತ್ತಿದ್ದ ಬೂದಿಯನ್ನು ಮಕ್ಕಳೆಲ್ಲ ಕೂತು ನೋಡುತ್ತಿದ್ದರು. ಅದೇ ವಾಸನೆ.

ಗೋಡೆಯ ಹಿಂದೆ ಅತ್ತೆ ಕುಕ್ಕರುಗಾಲಲ್ಲಿ ಕೂತಿದ್ದಳು. ಮುಂದೆ ಪುಟ್ಟ ಗುಂಡಿ, ಗುಂಡಿಯಲ್ಲಿ ಸುಟ್ಟ ಪೊದೆ, ಪಕ್ಕದಲ್ಲಿ ಒರಳು. ಕೆಳದುಟಿ ಕಡಜ ಕಚ್ಚಿದ ಹಾಗೆ ಉಬ್ಬಿತ್ತು. ಗಲ್ಲದ ಮೇಲೆ ಕರಿ ರಸದ ಒಂದು ಗೆರೆ.

“ಹಾಜ್ಜಾ!” ಎಂದಳು ಮುದುಕಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು. “ನೋಡ್ಬೇಡ್ವೇ. ಇದು... ಹಲ್ಲುನೋವಿಗೆ.”

“ನಿಮಗೆ ಹಲ್ಲೆಲ್ಲಿದೆ ಉಮ್ಮಿ?”

“ಇಲ್ದಿರೋ ಹಲ್ಲೇ ಜಾಸ್ತಿ ನೋಯೋದು.”

ಸೊಸೆಗೆ ತುಟಿಯ ಕಡೆ ಲಕ್ಷ್ಯವೇ ಇರಲಿಲ್ಲ. ಬುಟ್ಟಿ ಕೆಳಗಿಟ್ಟು, ಬೂದಿಗೆ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡಳು. ಚುರುಕ್ಕೆಂದಿತು. “ಇದು ಯಾವ ಗಿಡ?”

“ರಿಮ್ತ್. ಒಂಟೆ ಮೇಯೋ ಹಾಳು ಗಿಡ. ಊರ ಸುತ್ತ ಅದೇ ತಾನೆ ಬೆಳ್ಕೊಂಡಿರೋದು.” ಸಿಕ್ಕಿಬಿದ್ದವಳಿಗೆ ಮಾತು ತಾನಾಗಿ ಹರಿಯಿತು. “ಇದರ ಬೂದಿ ಬೆರೆಸ್ದೆ ಇದ್ರೆ ಹೊಗೆಸೊಪ್ಪು ಬರೀ ಹುಲ್ಲು. ಬೂದಿ ಬಿದ್ರೆ ನೋಡು, ತಲೇಲಿ ದೀಪ ಹತ್ತತ್ತೆ. ಹದಿನೇಳನೇ ವಯಸ್ಸಿಂದ ಅಭ್ಯಾಸ. ನೀನು ಬಂದ ಮೇಲೆ ಬಿಟ್ಟೆ ಅಂತ ಮಗನ ಹತ್ರ ಆಣೆ ಇಟ್ಟಿದ್ದೀನಿ. ಕಾಬಾ ಸುತ್ತಿ ಬಂದ ಸೊಸೆ ಎದುರು ತುಟಿ ಊದಿಸ್ಕೊಂಡು ಹೇಗೆ ಕೂರಲಿ ಹೇಳು?”

ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆದ ಹಾಗೆ, ನಾಲ್ಕು ವರ್ಷದಿಂದ ಬೇಕಾಗಿದ್ದ ಬೂದಿ ಮನೆಯ ಹಿತ್ತಲಲ್ಲೇ ಇತ್ತು. ಹಾಜ್ಜಾ ಎಂಬ ಅವಳ ಹೆಸರಿಗೆ ಹೆದರಿ ಬಚ್ಚಿಟ್ಟುಕೊಂಡಿತ್ತು.

“ಉಮ್ಮಿ, ಈ ಬೂದಿ ನನಗೆ ಎರಡು ಬೊಗಸೆ ಬೇಕು. ನಾಳೆ ಅಡುಗೆಗೆ.”

“ಏನು? ಹೊಗೆಸೊಪ್ಪಿನ ಬೂದೀನ ಹಾಜ್ಜಾ ಕೈಲಿ ಅಡುಗೆಗೆ ಹಾಕಿಸ್ಲಾ?” ತೆಬ್ರಾ ಗುಂಡಿಗೆ ಅಡ್ಡವಾಗಿ ಕೈ ಚಾಚಿದಳು. “ಆ ಪಾಪ ನನ್ನ ತಲೆಗೆ ಬೇಡಮ್ಮ. ನಾಳೆ ಸತ್ತು ಮೇಲೆ ಹೋದ್ರೆ ಏನಂತ ಉತ್ತರ ಕೊಡ್ಲಿ? ಬೇರೆ ಯಾರಾದ್ರೂ ಆಗಿದ್ರೆ ಕೊಡ್ತಿದ್ದೆ.”

ಒಂದು ಮೇಕೆ ಬುಟ್ಟಿಗೆ ಬಾಯಿ ಹಾಕಿ ಕಣಕವನ್ನು ಜಗ್ಗಿತು. ಕಣಕ ಹರಿಯಿತು. ಮೇಕೆಗೂ ಎಳೆಯಲು ಬರಲಿಲ್ಲ.

“ನಾನು ಹಾಜ್ಜಾ ಅಲ್ಲ ಉಮ್ಮಿ,” ಎಂದಳು ಹಾ. “ಹಾ ನಮ್ಮ ಮನೆತನ. ಜಿಯೆ ಅಂದ್ರೆ ಅಕ್ಕ. ನಿಮ್ಮ ಮಗ ತಪ್ಪು ಕೇಳಿಸ್ಕೊಂಡ. ನಾನು ಮೆಕ್ಕಾಗೆ ಹೋಗೇ ಇಲ್ಲ.”

ತೆಬ್ರಾಳ ಕೈ ಮೆಲ್ಲಗೆ ಕೆಳಗಿಳಿಯಿತು. ಸೆರಗೂ ಇಳಿಯಿತು. ಪಕ್ಕಕ್ಕೆ ತಿರುಗಿ ಕರಿ ಉಗುಳನ್ನು ಉಗಿದಳು. ಹಾ ಎದೆ ಗಟ್ಟಿ ಮಾಡಿಕೊಂಡಳು.

“ಏಳು ವರ್ಷ!” ಮುದುಕಿ ಕಿರುಚಿದಳು. “ಏಳು ವರ್ಷ ನಾನು ಈ ಮೇಕೆ ಗಂಜಲದ ವಾಸನೇಲಿ ಕೂತೆನಲ್ಲೇ! ಚಳಿ ಅನ್ನಲಿಲ್ಲ, ಬಿಸಿಲು ಅನ್ನಲಿಲ್ಲ, ಕಳ್ಳಿ ಹಾಗೆ ನನ್ನ ಮನೇಲಿ ನಾನೇ ಬಚ್ಚಿಟ್ಕೊಂಡೆ! ಒಂದು ಮಾತು ಹೇಳೋಕೆ ನಿನ್ನ ಬಾಯಿಗೆ ಏನಾಗಿತ್ತೇ, ಪಾಪಿ?”

“ತಪ್ಪಾಯ್ತು ಉಮ್ಮಿ.”

“ಮನ್ನೂಬಿಯಾಗೆ ಗೊತ್ತಾ?”

“ಇಲ್ಲ.”

“ಗೊತ್ತಾಗಬಾರ್ದು. ಅವಳ ಸೊಸೆ ಹೊಲಿಗೆ ಮಿಷನ್ ತಂದ್ಳು ಅಂತ ಇನ್ನೂ ಮೆರೀತಾಳೆ. ನನಗಿರೋದು ನೀನೊಬ್ಬಳು ಹಾಜ್ಜಾ.” ಬೂದಿಯನ್ನು ಬೊಗಸೆಯಲ್ಲಿ ಎತ್ತಿ ಸೊಸೆಯ ಮಡಿಲಿಗೆ ಸುರಿದಳು. “ತಗೋ. ಆದ್ರೆ ನಾಳೆಯಿಂದ ನಾನು ಅಂಗಳದಲ್ಲೇ ಕೂರೋಳು, ಕುರ್ಚಿ ಹಾಕ್ಕೊಂಡು. ಮಗ ಕೇಳಿದ್ರೆ ಹಲ್ಲುನೋವು ಅಂತ ನೀನೇ ಹೇಳ್ಬೇಕು.”

ಹಾ ಬೂದಿಯನ್ನು ಕುದಿಸಿ, ಬಟ್ಟೆಯಲ್ಲಿ ಸೋಸಿ, ಚಹಾದ ಬಣ್ಣದ ತಿಳಿಯನ್ನು ತೆಗೆದಿಟ್ಟಳು.

ಶುಕ್ರವಾರ ದುವಾನ್ ಸಣ್ಣ ಟ್ರಕ್ಕಿನಲ್ಲಿ ಬಂದ, ಉಡುಗೊರೆಗೆ ಎರಡು ನೀಲಿ ಬಕೆಟ್ಟು ಹಿಡಿದುಕೊಂಡು. ಮಸೀದಿಯಿಂದ ಬಂದ ಮಬ್ರೂಕ ಅವನಿಗೆ ಆಲಿವ್ ಮರದ ಕೆಳಗೆ ಮೇಜು ಹಾಕಿದ. ತೆಬ್ರಾ ಹೇಳಿದ ಹಾಗೇ ಅಂಗಳದ ನಡುವೆ ಕುರ್ಚಿಯಲ್ಲಿ ಕೂತಿದ್ದಳು, ತುಟಿ ಊದಿಸಿಕೊಂಡು. “ಉಮ್ಮಿ?” ಎಂದು ಮಬ್ರೂಕ ಬಗ್ಗಿ ನೋಡಿದ. “ಹಲ್ಲುನೋವು,” ಎಂದಳು ಹೆಂಡತಿ, ತಲೆ ಎತ್ತದೆ. ಅವನು ತಾಯಿಯನ್ನು ನೋಡಿದ, ಹೆಂಡತಿಯನ್ನು ನೋಡಿದ, ತಣ್ಣಗಿರುವ ಮನೆಗೆ ಬೆಂಕಿ ಹಾಕುವುದು ಬೇಡವೆಂದು ಬ್ರೆಡ್ಡು ತರಲು ಹೋದ.

ಮೊದಲನೇ ಉಂಡೆ ಹರಿಯಿತು. ದುವಾನ್ ಮೂಗಿನಿಂದ ಒಂದು ಶಬ್ದ ಹೊರಡಿಸಿದ. ಹಾ ಇನ್ನೊಂದಿಷ್ಟು ತಿಳಿ ಚಿಮುಕಿಸಿ, ಮೊಣಕೈ ಊರಿ ಮಿದ್ದಳು. ಕಣಕ ನಿಧಾನವಾಗಿ ತೆಳು ಹಳದಿಗೆ ತಿರುಗಿತು, ಬೆರಳಿಗೆ ನುಣ್ಣಗಾಯಿತು. ಎರಡು ತುದಿ ಹಿಡಿದು ಎಳೆದಳು. ಅದು ಬಂತು. ಮಡಚಿ ಮತ್ತೆ ಎಳೆದಳು. ಎರಡು, ನಾಲ್ಕು, ಎಂಟು. ಹಲಗೆಯ ಮೇಲೆ ಪಟ್ಟೆಂದು ಬಡಿದಾಗ ಕೋಳಿಗಳು ಚದುರಿದವು. ಅವಳು ಮರೆತಿದ್ದನ್ನು ತೋಳು ಮರೆತಿರಲಿಲ್ಲ.

ಆಗ, ತನ್ನೂರಿನ ಪ್ರತಿ ಶಾವಿಗೆ ಅಂಗಡಿಯಲ್ಲೂ ಗಿರಾಕಿಯನ್ನು ಕೇಳುವ ಹಾಗೆ, ತಿರುಗಿಯೂ ನೋಡದೆ ಕೂಗಿದಳು: “ಎಷ್ಟು ದಪ್ಪ?”

ಆರು ವರ್ಷದಿಂದ ಈ ಪ್ರಶ್ನೆಯನ್ನು ದುವಾನ್‌ಗೆ ಯಾರೂ ಕೇಳಿರಲಿಲ್ಲ. ಬಕೆಟ್ಟಿನ ಹಿಡಿಯನ್ನು ಸುಮ್ಮಸುಮ್ಮನೆ ತಿರುಗಿಸುತ್ತ ಕೂತ.

“ಕೇಳಿಸಲಿಲ್ವಾ? ಒಲೆ ಉರೀತಿದೆ!”

“ಸಣ್ಣದರಲ್ಲಿ ಎರಡನೇದು,” ಎಂದ ದುವಾನ್.

ಬಟ್ಟಲು ಮುಂದೆ ಬಂದ ಮೇಲೆ ಅವನು ತಲೆ ಎತ್ತಲಿಲ್ಲ. ಸೊರ್ ಎಂಬ ಸದ್ದು ಅಂಗಳವನ್ನೆಲ್ಲ ತುಂಬಿತು. ತೆಬ್ರಾ ಮುಖ ಕಿವುಚಿ, “ಒಂಟೆ ನೀರು ಕುಡಿದ ಹಾಗಿದೆ,” ಎಂದಳು. ಬಟ್ಟಲಿನ ತಳ ಕಂಡ ಮೇಲೆ ದುವಾನ್ ಬಾಯಿ ಒರೆಸಿಕೊಂಡ.

“ಮೂಲಂಗಿ ದಪ್ಪ ಹೆಚ್ಚಿದ್ದೀಯ. ಮೆಣಸಿನೆಣ್ಣೆ ಸ್ವಲ್ಪ ಸೀದಿದೆ.”

ಅವಳಿಗೆ ಮೂರು ದಿನದಿಂದ ಕಟ್ಟಿದ್ದ ಉಸಿರು ಬಂತು. ಮೂಲಂಗಿಯಲ್ಲಿ ತಪ್ಪು ಹುಡುಕುವವನಿಗೆ ಶಾವಿಗೆಯಲ್ಲಿ ಸಿಕ್ಕಿಲ್ಲವೆಂದೇ ಅರ್ಥ.

“ಬೂದಿ ಎಲ್ಲಿಂದ ತರಿಸ್ದೆ?”

ಅವಳು ಅತ್ತೆಯ ಕಡೆ ಗಲ್ಲದಿಂದ ಸನ್ನೆ ಮಾಡಿದಳು. ದುವಾನ್ ತನ್ನ ಅಂಗಡಿಯ ಅರಬ್ಬಿಯಲ್ಲಿ, “ಅಮ್ಮಾ, ಮುಂದಿನ ಶುಕ್ರವಾರಾನೂ ಬೂದಿ ಇರತ್ತಾ?” ಎಂದು ಕೇಳಿದ.

“ಗಿಡಕ್ಕೇನು ಕಾಲಿದೆಯಾ ಓಡಿಹೋಗೋಕೆ?” ಎಂದಳು ತೆಬ್ರಾ. “ಆದ್ರೆ ನೀನು ಬರೋವಾಗ ಬಕೆಟ್ಟು ತರಬೇಡ. ಹೊಗೆಸೊಪ್ಪು ತಾ.”

ಅವನು ಬಟ್ಟಲನ್ನು ಮೇಲೆತ್ತಿ ಗಂಟಲು ಬಿರಿಯುವಂತೆ ಕೂಗಿದ: “ಹಾ ಜಿಯೆ! ಇನ್ನೊಂದು!”

ಗೋಡೆಯ ಮೇಲೆ ಮನ್ನೂಬಿಯಾಳ ತಲೆ ಎದ್ದಿತು.

“ಕೇಳಿಸ್ತೇನೇ?” ತೆಬ್ರಾ ಅತ್ತ ತಿರುಗಿದಳು. “ಚೀನಾದಿಂದ ಬಂದೋನೂ ಹಾಜ್ಜಾ ಅಂತಲೇ ಕೂಗ್ತಾನೆ. ಇನ್ನು ನೀನು ಝಮ್‌ಝಮ್ ನೀರು ಹೇಗಿರತ್ತೆ ಅಂತ ಕೇಳ್ತಾ ಕೂತಿರು.”

ತಲೆ ಕೆಳಗಿಳಿಯಿತು. ಮುದುಕಿ ತುಟಿಯೊಳಗಿನ ಹೊಗೆಸೊಪ್ಪಿನ ಉಂಡೆಯನ್ನು ಬೆರಳಿನಿಂದ ತೆಗೆದು, ಆಮೇಲೆ ಬೇಕಾಗುತ್ತದೆಂದು ಕುರ್ಚಿಯ ಕೈ ಮೇಲೆ ಜೋಪಾನವಾಗಿ ಇಟ್ಟಳು.

“ಹಾಜ್ಜಾ, ನನಗೂ ಒಂದು ಬಟ್ಟಲು ಹಾಕೇ. ಅಗಲವಾಗಿ ಎಳಿ. ಹಲ್ಲಿಲ್ಲ ನನಗೆ.”